ಹುಚ್ಚುನಾಯಿಯ ವಿಷ

ಕಳೆದ ಸಂಚಿಕೆಯಲ್ಲಿ ಇನ್‌ಫ್ಲುಯೆಂಜಾ ಜ್ವರದ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆದಿದ್ದೆನಷ್ಟೆ. ಅದನ್ನೋದಿದ ವಾಚಕರೊಬ್ಬರು, ಆ ಜ್ವರವನ್ನುಂಟುಮಾಡುವ ವೈರಸ್ಸಿನ ವರ್ಗಕ್ಕೇ ಸೇರಿದ ಬೇರೆ ರೋಗಗಳು ಯಾವುವು, ಅವುಗಳಲ್ಲಿ ಗೃಹಸ್ಥನಾದವನು ಮುಖ್ಯವಾಗಿ ತಿಳಿದಿರಬೇಕಾದುದು ಯಾವುದು ಎಂದು ಪತ್ರಮುಖೇನ ಕೇಳಿದ್ದಾರೆ. ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ನಮ್ಮ ದೇಹದಲ್ಲಿ ವಂಶಗುಣಗಳ ಬರಹವು ಡಿಎನ್‌ಎ ಎಂಬ ದ್ರವ್ಯದಲ್ಲಿ ಇರುವುದು. ವೈರಸ್ಸುಗಳಲ್ಲಿ ಅನೇಕವಕ್ಕೆ ಆ ಬರಹವು ಆರ್‌ಎನ್‌ಎ ಎಂಬ ಅದರ ಸೋದರದ್ರವ್ಯದಲ್ಲಿ ಇರುವುದು. ದಡಾರ, ಮಂಗನಬಾವು, ಪೋಲಿಯೊ, ಡೆಂಗೆ, ಚಿಕುನ್‌ಗುನ್ಯಾ, ನಮ್ಮ ಮಲೆನಾಡಿನ ಮಂಗನ ಕಾಯಿಲೆ, ೨೦೨೦ರಲ್ಲಿ ಲೋಕವನ್ನೆಲ್ಲ ಮನೆಯೊಳಗೆ ಕೂಡಿಹಾಕಿದ ಕೊರೊನಾ, ಇವೆಲ್ಲವೂ ಆರ್‌ಎನ್‌ಎ ವೈರಸ್ಸುಗಳ ಕಾರ್ಯವೇ. ಸಿಡುಬು ಈ ವರ್ಗದ್ದಲ್ಲ. ಅದು ಡಿಎನ್‌ಎ ಪಂಗಡದ್ದು. ೧೯೮೦ರಲ್ಲಿ ಅದು ಲೋಕದಿಂದಲೇ ತೊಲಗಿತೆಂದು ಸಾರಲಾಯಿತು.

ಎರಡನೆಯ ಪ್ರಶ್ನೆಗೆ ಬೇರೆಬೇರೆಯವರು ಬೇರೆಬೇರೆ ಉತ್ತರಗಳನ್ನು ಕೊಟ್ಟಾರು. ನನ್ನನ್ನು ಕೇಳಿದರೆ, ಹುಚ್ಚುನಾಯಿಯ ಕಡಿತದಿಂದ ಬರುವ ರೇಬೀಸ್ ಎಂದೇ ಹೇಳುವೆನು. ಮಿಕ್ಕ ರೋಗಗಳಲ್ಲಿ ಜ್ವರ ಬಂದ ಮೇಲೆ ವೈದ್ಯನನ್ನು ಕರೆಯಿಸಿದರೂ ಅವನು ಮಾಡತಕ್ಕ ಕೆಲಸ ಅಷ್ಟಿಷ್ಟು ಇದ್ದೇ ಇರುವುದು. ಇದರಲ್ಲಿ ಹಾಗಲ್ಲ. ಲಕ್ಷಣಗಳು ಕಾಣಿಸಿಕೊಂಡ ತರುವಾಯ ಧನ್ವಂತರಿಯೇ ಬಂದರೂ ರೋಗಿಯ ಪಕ್ಕದಲ್ಲಿ ಕುಳಿತು ಸಂಕಟವನ್ನು ತಗ್ಗಿಸಬಲ್ಲನೇ ಹೊರತು ಪ್ರಾಣವನ್ನುಳಿಸಲಾರನು. ಆದರೆ ಕಡಿತಕ್ಕೂ ಲಕ್ಷಣಕ್ಕೂ ನಡುವೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳ ಕಾಲವಿರುವುದು. ಆ ಅವಧಿಯ ಮೊದಲಲ್ಲಿಯೇ ಎಚ್ಚೆತ್ತುಕೊಂಡರೆ ರೋಗವು ಬಾರದಂತೆಯೇ ಮಾಡಬಹುದು. ಹೀಗೆ ಆ ಕಡೆ ಪೂರ್ಣ ನಿರುಪಾಯ, ಈ ಕಡೆ ಹೆಚ್ಚುಕಡಿಮೆ ಪೂರ್ಣ ರಕ್ಷೆ ಇರುವ ರೋಗ ಮತ್ತೊಂದನ್ನು ನಾನು ಕಾಣೆ. ಇವೆರಡರಲ್ಲಿ ಯಾವುದು ಸಲ್ಲಬೇಕೆಂಬುದನ್ನು ನಿರ್ಣಯಿಸತಕ್ಕವನು ವೈದ್ಯನಲ್ಲ, ಮನೆಯವನು.

ನಮ್ಮ ಪೂರ್ವಿಕರಿಗೆ ಈ ರೋಗದ ಪರಿಚಯ ಚೆನ್ನಾಗಿದ್ದಿತು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಇಲಿಗಳ ವಿಷವನ್ನು ವಿವರಿಸುವ ಅಧ್ಯಾಯವೊಂದುಂಟು. ಅದರ ಉತ್ತರಭಾಗದಲ್ಲಿ ಅಲರ್ಕ, ಎಂದರೆ ಹುಚ್ಚುಹಿಡಿದ ನಾಯಿ, ಅದರ ವಿಷದ ಪ್ರಸ್ತಾಪ ಬರುವುದು. ಬಾಲ, ದವಡೆ, ಹೆಗಲುಗಳು ಜೋಲುಬಿದ್ದು, ಬಾಯಿಂದ ಲಾಲಾರಸ ಸುರಿಯುತ್ತ, ಕಣ್ಣು ಕಿವಿಗಳು ಮಂದವಾಗಿ, ಎದುರಿಗೆ ಬಂದುದನ್ನು ಕಚ್ಚುತ್ತ ಓಡುವ ಪ್ರಾಣಿಯ ಚಿತ್ರವನ್ನು ಆ ಗ್ರಂಥಕಾರನು ಕಣ್ಣಿಗೆ ಕಟ್ಟುವಂತೆ ಕೊಟ್ಟಿದ್ದಾನೆ. ನಾಯಿಯಲ್ಲದೆ ನರಿ, ತೋಳ ಮುಂತಾದ ಪ್ರಾಣಿಗಳಿಗೂ ಇದು ತಗಲುವುದೆಂದು ಅವನು ಬಲ್ಲನು. ಕಚ್ಚಿಸಿಕೊಂಡವನು ನೀರನ್ನು ಕಂಡು, ಮುಟ್ಟಿ, ಕೊನೆಗೆ ಅದರ ಶಬ್ದವನ್ನು ಕೇಳಿಯೂ ಬೆದರುವ ಸ್ಥಿತಿಗೆ ಜಲತ್ರಾಸವೆಂದು ಹೆಸರಿಟ್ಟು, ಅದು ಮರಣಚಿಹ್ನೆಯೆಂದು ಯಾವ ಸಂಕೋಚವೂ ಇಲ್ಲದೆ ಹೇಳಿಬಿಟ್ಟಿದ್ದಾನೆ. ವಿಷವು ತಾನಾಗಿ ಕೆರಳಿದವನು ಬದುಕನು, ಆದುದರಿಂದ ಅದು ಕೆರಳುವುದಕ್ಕೆ ಮುಂಚೆಯೇ ಚಿಕಿತ್ಸಕನು ಕೈಹಾಕತಕ್ಕದ್ದು ಎಂಬುದು ಅಲ್ಲಿಯ ತಾತ್ಪರ್ಯ. ಇದನ್ನು ಹಿಡಿದುಕೊಂಡು ನಮ್ಮವರಿಗೆ ಲಸಿಕೆಯು ಆಗಲೇ ತಿಳಿದಿತ್ತೆಂದು ವಾದಿಸುವವರ ಪಂಕ್ತಿಯಲ್ಲಿ ನಾನು ಕೂರಲಾರೆ. ಅವನು ಹೇಳಿದ ಔಷಧಿಗಳಿಂದ ಈ ರೋಗ ನಿಲ್ಲುವುದಿಲ್ಲ. ಆದರೆ ಕಾಲವನ್ನು ಕುರಿತು ಅವನು ಕಂಡದ್ದು ದಿಟ. ಕಣ್ಣಿಟ್ಟು ನೋಡಿದವನ ಮಾತು ಅದು.

ಪ್ರಸಂಗವಶಾತ್ ಇನ್ನೊಂದು ಮಾತು. ರೇಬೀಸ್ ಎಂಬ ಲ್ಯಾಟಿನ್ ಶಬ್ದಕ್ಕೂ, ಸಂಸ್ಕೃತದಿಂದ ಬಂದು ನಾವು ದಿನವೂ ಆಡುವ ರಭಸ ಎಂಬ ಶಬ್ದಕ್ಕೂ ಸಂಬಂಧವುಂಟೆಂದು ಕೆಲವು ಭಾಷಾಶಾಸ್ತ್ರಜ್ಞರ ಮತ. ಹೆಸರಿನಲ್ಲಿ ರಭಸವಿದ್ದರೂ ರೋಗದ ನಡೆ ಬಹು ನಿಧಾನವಾದುದು. ಆ ನಿಧಾನವೇ ನಮ್ಮ ಪಾಲಿನ ಅದೃಷ್ಟ.

ಈ ವೈರಸ್ಸಿನ ಆಕಾರ ಬಂದೂಕಿನ ಗುಂಡಿನಂತೆ. ಒಂದು ತುದಿ ಗುಂಡಗೆ, ಇನ್ನೊಂದು ಚಪ್ಪಟೆ. ಉದ್ದಕ್ಕೆ ಒಂದರ ಹಿಂದೊಂದನ್ನು ಜೋಡಿಸಿದರೆ ಒಂದು ಮಿಲಿಮೀಟರಿನಲ್ಲಿ ೫,೦೦೦ಕ್ಕೂ ಮಿಕ್ಕಿ ಹಿಡಿಸುವುವು. ಮನುಷ್ಯನ ವಂಶಲಿಪಿಯಲ್ಲಿ ಸುಮಾರು ೩೦೦ ಕೋಟಿ ಅಕ್ಷರಗಳಿವೆಯೆಂದರೆ ಇದರಲ್ಲಿ ಇರುವುದು ಸುಮಾರು ೧೨,೦೦೦. ಅವುಗಳಿಂದ ಆಗತಕ್ಕ ಪ್ರೋಟೀನುಗಳು ಬರಿಯ ಐದು. ನಮ್ಮ ಪ್ರಾಥಮಿಕ ಶಾಲೆಯ ಹುಡುಗನ ನೋಟುಪುಸ್ತಕವೊಂದರಲ್ಲಿ ಇದರ ಸರ್ವಸ್ವವನ್ನೂ ಬರೆದು ಮುಗಿಸಬಹುದು. ಇಷ್ಟು ಅಲ್ಪವಾದ ವಸ್ತು ಆನೆಯಂತಹ ದೇಹವನ್ನೂ ಕೆಡಹುವ ಬಗೆ ಹೇಗೆಂಬುದು ಯೋಚಿಸತಕ್ಕದ್ದಾಗಿದೆ.

ಹುಚ್ಚುನಾಯಿಯ ಜೊಲ್ಲಿನಲ್ಲಿ ಈ ವೈರಸ್ಸು ತುಂಬಿರುವುದು. ಹಲ್ಲು ನಾಟಿದಾಗ ಅದು ಮಾಂಸಖಂಡಕ್ಕೆ ಇಳಿದು ಅಲ್ಲಿ ಕೆಲಕಾಲ ತಂಗುವುದು. ಬಳಿಕ ಅಲ್ಲಿಯ ನರದ ತುದಿಯನ್ನು ಹೊಕ್ಕುಬಿಡುವುದು. ಇತರ ಅನೇಕ ವೈರಸ್ಸುಗಳಂತೆ ಇದು ರಕ್ತದಲ್ಲಿ ತೇಲಿಕೊಂಡು ಹೋಗುವುದಿಲ್ಲ. ಹೋದರೆ ದೇಹದ ಕಾವಲುಗಾರರು ಅದನ್ನು ಕಂಡು ಹಿಡಿದಾರು. ನರದೊಳಗೆ ಸಾಮಾನುಗಳನ್ನು ಸಾಗಿಸುವುದಕ್ಕಾಗಿ ದೇಹವೇ ಏರ್ಪಡಿಸಿಕೊಂಡಿರುವ ದಾರಿಯೊಂದುಂಟಷ್ಟೆ. ಅದರಲ್ಲಿ, ಸಂತೆಯ ಬಂಡಿಯಲ್ಲಿ ಮೂಟೆಗಳ ನಡುವೆ ಅಡಗಿ ಕುಳಿತ ಕಳ್ಳನಂತೆ, ಮಿದುಳಿನ ಕಡೆಗೆ ಸಾಗುವುದು. ದಿನಕ್ಕೆ ಕೆಲವು ಸೆಂಟಿಮೀಟರುಗಳ ಪ್ರಯಾಣ. ಆದುದರಿಂದಲೇ ಕಾಲಿನ ಕಡಿತಕ್ಕಿಂತ ಮುಖದ, ಕತ್ತಿನ ಕಡಿತ ಹೆಚ್ಚು ಭಯಂಕರ, ದಾರಿ ಕಿರಿದು. ಎತ್ತರ ಕಡಮೆಯಾದ ಮಕ್ಕಳಿಗೆ ನಾಯಿಯು ಮುಖಕ್ಕೇ ಬಾಯಿ ಹಾಕುವುದರಿಂದ ಅವರಿಗೆ ಅಪಾಯ ಇಮ್ಮಡಿ.

ಈ ಪ್ರಯಾಣದ ಕಾಲದಲ್ಲಿ ಕಚ್ಚಿಸಿಕೊಂಡವನಿಗೆ ಏನೂ ತಿಳಿಯದು. ಗಾಯ ಮಾಯುವುದು, ಊಟ ನಿದ್ರೆಗಳು ನೆಟ್ಟಗೆ ನಡೆಯುವುವು, ನೆರೆಹೊರೆಯವರು ‘ನೋಡಿ, ಏನೂ ಆಗಲಿಲ್ಲ’ ಎನ್ನುವರು. ಮಿದುಳನ್ನು ಮುಟ್ಟಿದ ಮೇಲೆ ವೈರಸ್ಸು ಅಲ್ಲಿ ವೃದ್ಧಿಹೊಂದಿ ನರಗಳ ಮೂಲಕವೇ ಹೊರಕ್ಕೆ ಹರಡಿ ಜೊಲ್ಲಿನ ಗ್ರಂಥಿಗಳನ್ನು ಸೇರುವುದು. ಮೊದಲು ಜ್ವರ, ತಲೆನೋವು, ಹಳೆಯ ಗಾಯದ ಸ್ಥಳದಲ್ಲಿ ಚುಮುಚುಮು ಎನ್ನುವ ನವೆ. ಆಮೇಲೆ ನೀರನ್ನು ನುಂಗಹೋದರೆ ಗಂಟಲಿನ ಮಾಂಸಖಂಡಗಳು ಸೆಟೆದು ಉಸಿರುಕಟ್ಟಿದಂತಾಗುವುದು. ಒಂದೆರಡು ಸಲ ಹೀಗಾದ ಮೇಲೆ ಲೋಟವನ್ನು ಕಂಡರೇ ಆ ಸೆಳೆತ ಬರುವುದು. ಬೀಸಣಿಗೆಯ ಗಾಳಿ ಸೋಕಿದರೂ ಬರುವುದು. ಜನರು ತಿಳಿದಿರುವಂತೆ ರೋಗಿಯು ಯಾವಾಗಲೂ ಬುದ್ಧಿಗೆಟ್ಟಿರುವುದಿಲ್ಲ. ನಡುನಡುವೆ ಪೂರ್ಣ ಎಚ್ಚರವಿರುವುದು. ಬಾಯಾರಿಕೆಯಿಂದ ಬೇಯುತ್ತಲೇ ನೀರಿಗೆ ಹೆದರುವ ಆ ಎಚ್ಚರವೇ ಈ ರೋಗದ ಕ್ರೌರ್ಯ. ಐವರಲ್ಲಿ ಒಬ್ಬರಿಗೆ ಈ ಆರ್ಭಟಗಳೊಂದೂ ಇಲ್ಲದೆ ಮೆಲ್ಲನೆ ಕೈಕಾಲು ಬೀಳುವ ರೂಪದಲ್ಲಿ ರೋಗವು ಬರುವುದರಿಂದ ಗುರುತು ಸಿಕ್ಕುವುದೂ ಕಷ್ಟ. ಎರಡು ರೂಪಗಳ ಕೊನೆಯೂ ಒಂದೇ. ೨೦೦೪ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಬಾವಲಿ ಕಚ್ಚಿ ರೋಗಕ್ಕೆ ತುತ್ತಾದ ಬಾಲಿಕೆಯೊಬ್ಬಳು ಲಸಿಕೆಯಿಲ್ಲದೆಯೇ ಬದುಕಿಕೊಂಡಳು. ವೈದ್ಯರು ಅವಳನ್ನು ಔಷಧಬಲದಿಂದ ದೀರ್ಘನಿದ್ರೆಯಲ್ಲಿಟ್ಟಿದ್ದರು. ಅದೇ ಉಪಾಯವನ್ನು ಆಮೇಲೆ ಅನೇಕರಲ್ಲಿ ಮಾಡಿನೋಡಿದಾಗ ಬಹುಪಾಲು ಫಲಿಸಲಿಲ್ಲ.

ಇನ್ನು ಲಸಿಕೆಯ ಕಥೆ. ಫ್ರಾನ್ಸ್ ದೇಶದ ಲೂಯಿ ಪಾಸ್ತರನು ವೈದ್ಯನಲ್ಲ, ರಸಾಯನಶಾಸ್ತ್ರಜ್ಞ. ಈ ರೋಗದ ಕಾರಣವನ್ನು ಸೂಕ್ಷ್ಮದರ್ಶಕದಲ್ಲಿ ಎಷ್ಟು ಹುಡುಕಿದರೂ ಅವನ ಕಣ್ಣಿಗೆ ಅದು ಬೀಳಲಿಲ್ಲ. ಅಂದಿನ ಸೂಕ್ಷ್ಮದರ್ಶಕಗಳ ಅಳವಿಗೆ ಅದು ಮೀರಿದ್ದಾಗಿತ್ತು. ಆದರೂ ರೋಗಗ್ರಸ್ತವಾದ ಮೊಲದ ಬೆನ್ನುಹುರಿಯನ್ನು ಒಣಗಿಸುತ್ತ ಹೋದರೆ ವಿಷವು ದಿನೇದಿನೇ ಕುಂದುವುದೆಂದು ಅವನು ಕಂಡುಕೊಂಡನು. ಆಲ್ಸೇಸ್ ಪ್ರಾಂತದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನಿಗೆ ಹುಚ್ಚುನಾಯಿಯು ಅನೇಕ ಕಡೆಗಳಲ್ಲಿ ಕಚ್ಚಿರಲು, ಅವನ ತಾಯಿ ಅವನನ್ನು ಪ್ಯಾರಿಸಿಗೆ ಕರೆತಂದಳು. ೧೮೮೫ನೆಯ ಜುಲೈ ೬ರಂದು, ಕಡಿತವಾದ ಎರಡು ದಿನಗಳ ಮೇಲೆ, ಮೊದಲ ಚುಚ್ಚುಮದ್ದಾಯಿತು. ಪಾಸ್ತರನಿಗೆ ವೈದ್ಯವೃತ್ತಿಯ ಅಧಿಕಾರವಿಲ್ಲದುದರಿಂದ ಸೂಜಿ ಹಿಡಿದವನು ಬೇರೊಬ್ಬ ವೈದ್ಯ. ಮೊದಲು ಬಹಳ ಒಣಗಿದ, ಬರಬರುತ್ತ ಹೆಚ್ಚುಹೆಚ್ಚು ಹಸಿಯಾದ ಮಜ್ಜೆಯಿಂದ ಮುಂದಿನ ದಿನಗಳಲ್ಲಿ ಒಟ್ಟು ೧೩ ಸಲ ಮದ್ದು ಸಂದಿತು. ಹುಡುಗನು ಬದುಕಿದನು, ದೊಡ್ಡವನಾದ ಮೇಲೆ ಪಾಸ್ತರನ ಹೆಸರಿನ ಸಂಸ್ಥೆಯಲ್ಲಿಯೇ ದ್ವಾರಪಾಲಕನಾಗಿದ್ದನು. ರೋಗ ಬರುವುದಕ್ಕೆ ಮೊದಲು ಹಾಕುವ ಲಸಿಕೆ ಲೋಕಕ್ಕೆ ತಿಳಿದಿದ್ದಿತು; ವಿಷವು ಮೈಯೊಳಗೆ ಹೊಕ್ಕು ದಾರಿ ಹಿಡಿದ ಮೇಲೆ ಹಾಕಿ ಅದನ್ನು ಹಿಂದೆ ಹಾಕುವ ಲಸಿಕೆ ಇದೇ ಮೊದಲು. ವೈರಸ್ಸು ನಡೆದುಹೋಗುವಷ್ಟರಲ್ಲಿ ದೇಹದ ಸೈನ್ಯವು ಸಿದ್ಧವಾಗಿ ನಿಲ್ಲಬೇಕು, ಅಷ್ಟೆ.

ನಮ್ಮ ದೇಶದಲ್ಲಿ ೧೯೦೦ರಲ್ಲಿ ಕಸೌಲಿಯಲ್ಲಿಯೂ ೧೯೦೭ರಲ್ಲಿ ದಕ್ಷಿಣದವರಿಗಾಗಿ ಕೂನೂರಿನಲ್ಲಿಯೂ ಪಾಸ್ತರ್ ಸಂಸ್ಥೆಗಳು ಏರ್ಪಟ್ಟುವು. ಕಸೌಲಿಯಲ್ಲಿದ್ದ ಡೇವಿಡ್ ಸೆಂಪಲ್ ಎಂಬ ವೈದ್ಯನು ಕುರಿಯ ಮಿದುಳಿನಲ್ಲಿ ಬೆಳೆಸಿದ ವೈರಸ್ಸನ್ನು ಕಾರ್ಬಾಲಿಕ್ ಆಮ್ಲದಿಂದ ಕೊಂದು ಮಾಡಿದ ಮದ್ದು ಬಹುಕಾಲ ನಡೆಯಿತು. ಹೊಕ್ಕುಳಿನ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂದು ನಮ್ಮ ಬಾಲ್ಯದಲ್ಲಿ ಹಿರಿಯರು ಹೇಳುತ್ತಿದ್ದುದು ಇದನ್ನೇ. ಅದರಿಂದ ಪ್ರಾಣಗಳು ಉಳಿದುವು ನಿಜ. ಆದರೆ ನೋವು ವಿಪರೀತವಾಗಿದ್ದಿತು, ಕೆಲವರಿಗೆ ಕುರಿಯ ಮಿದುಳಿನ ಅಂಶದಿಂದಲೇ ನರಗಳಿಗೆ ಹಾನಿಯೂ ಆಗುತ್ತಿದ್ದಿತು. ೨೦೦೫ರ ವೇಳೆಗೆ ಭಾರತದಲ್ಲಿ ಆ ಮದ್ದಿನ ಬಳಕೆ ನಿಂತುಹೋಯಿತು. ಮದ್ದು ಹೋದರೂ ಅದರ ಭಯ ಹೋಗಲಿಲ್ಲವೆಂಬುದೇ ವಿಷಾದದ ಸಂಗತಿ. ಇಂದಿಗೂ ಹಳ್ಳಿಗಳಲ್ಲಿ ಮಾತ್ರವಲ್ಲ, ಪಟ್ಟಣಗಳಲ್ಲಿ ಓದುಬರಹ ಬಲ್ಲವರ ಮನೆಗಳಲ್ಲಿಯೂ ‘ಹದಿನಾಲ್ಕು ಸೂಜಿ, ಹೊಟ್ಟೆಗೆ’ ಎಂಬ ಮಾತು ಮಕ್ಕಳನ್ನು ಹೆದರಿಸುವುದಕ್ಕೆ ಉಪಯೋಗವಾಗುತ್ತಿದೆ. ಈಗಿನ ಲಸಿಕೆಯು ಜೀವಕೋಶಗಳಲ್ಲಿ ಬೆಳೆಸಿ ಶುದ್ಧಿಮಾಡಿದ ಬೇರೆಯ ಪದಾರ್ಥ. ಅದನ್ನು ತೋಳಿಗೆ ಹಾಕುವರು, ಶಿಶುಗಳಿಗೆ ತೊಡೆಗೆ. ಮೊದಲ ದಿನವನ್ನು ಸೊನ್ನೆಯೆಂದೆಣಿಸಿ, ಮಾಂಸಖಂಡಕ್ಕೆ ಹಾಕುವುದಾದರೆ ೦, ೩, ೭, ೧೪, ೨೮ನೆಯ ದಿನಗಳಲ್ಲಿ. ಚರ್ಮದ ಪದರದೊಳಗೆ ಹಾಕುವುದಾದರೆ ೦, ೩, ೭, ೨೮ನೆಯ ದಿನಗಳಲ್ಲಿ, ಒಂದೊಂದು ಸಲ ಎರಡೆರಡು ಕಡೆ. ಗರ್ಭಿಣಿಯರಿಗೂ ಹಸುಳೆಗಳಿಗೂ ಇದು ವರ್ಜ್ಯವಲ್ಲ. ಪಥ್ಯವೂ ಇಲ್ಲ.

ಆದರೆ ಲಸಿಕೆಗೂ ಮುಂಚೆ ಮನೆಯ ಬಚ್ಚಲಲ್ಲಿಯೇ ಆಗಬೇಕಾದ ಕೆಲಸವೊಂದಿರುವುದು. ಗಾಯವನ್ನು ಸಾಬೂನು ಹಚ್ಚಿ ಧಾರೆಯಾಗಿ ಬೀಳುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯತಕ್ಕದ್ದು. ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ. ಅಂದಾಜಿನಿಂದ ತೊಳೆಯುವವನು ಎರಡು ನಿಮಿಷಕ್ಕೆ ಸಾಕೆನ್ನುವನು. ಈ ವೈರಸ್ಸಿನ ಹೊರಹೊದಿಕೆಯಲ್ಲಿ ಕೊಬ್ಬಿನ ಪದರವಿದೆ. ಎಣ್ಣೆಯ ಜಿಡ್ಡನ್ನು ಕರಗಿಸುವಂತೆಯೇ ಸಾಬೂನು ಅದನ್ನೂ ಕರಗಿಸಿ ವೈರಸ್ಸನ್ನು ಹಾಳುಮಾಡುವುದು. ನರವನ್ನು ಹೊಗುವ ಮೊದಲೇ ಶತ್ರುವಿನ ಬಹುಭಾಗ ಹೀಗೆ ನಾಶವಾಗುವುದು. ಇಷ್ಟು ಅಗ್ಗವಾದ ಉಪಾಯವನ್ನು ಬಿಟ್ಟು ನಮ್ಮ ಜನ ಸುಣ್ಣ, ಖಾರದಪುಡಿ, ಅರಿಸಿನ, ಕಾಫಿಪುಡಿ, ಸೊಪ್ಪಿನ ರಸ ಇವುಗಳನ್ನು ಮೆತ್ತುವರು. ಇವುಗಳಿಂದ ವಿಷ ಹೋಗುವುದಿಲ್ಲ. ಖಾರ ಸುಣ್ಣಗಳು ಹಸಿಗಾಯವನ್ನು ಕೆರಳಿಸುವುದೂ ಉಂಟು. ಗಾಯದಿಂದ ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು. ದೇಹವು ಲಸಿಕೆಗೆ ಉತ್ತರಕೊಟ್ಟು ತನ್ನ ಪ್ರತಿವಿಷವನ್ನು ಮಾಡಿಕೊಳ್ಳುವುದಕ್ಕೆ ಒಂದೆರಡು ವಾರ ಹಿಡಿಯುವುದರಿಂದ, ಸಿದ್ಧಪಡಿಸಿದ ಪ್ರತಿವಿಷವಾದ ಇಮ್ಯುನೊಗ್ಲಾಬ್ಯುಲಿನನ್ನು ಗಾಯದ ಸುತ್ತಲೇ ಚುಚ್ಚಬೇಕು. ಇದನ್ನು ಕೇಳಿ ಹಾಕಿಸಿಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ. ಗಡಿಬಿಡಿಯಲ್ಲಿ ಬಿಟ್ಟುಹೋಗುವುದು ಇದೇ.

ಕಚ್ಚಿದ ನಾಯಿ ನಮ್ಮದೇ ಅಥವಾ ನೆರೆಮನೆಯದಾಗಿದ್ದರೆ ಹತ್ತು ದಿನ ಅದನ್ನು ಕಟ್ಟಿಹಾಕಿ ನೋಡಿಕೊಳ್ಳುವ ಪದ್ಧತಿಯುಂಟು. ಜೊಲ್ಲಿನಲ್ಲಿ ವೈರಸ್ಸು ಬಂದ ನಾಯಿಯು ಹತ್ತು ದಿನಗಳೊಳಗಾಗಿ ರೋಗಲಕ್ಷಣ ತೋರಿಸಿ ಸಾಯುವುದರಿಂದ, ಅದು ಸ್ವಸ್ಥವಾಗಿಯೇ ಉಳಿದರೆ ಕಚ್ಚಿದ ದಿನ ವಿಷವಿರಲಿಲ್ಲವೆಂದಾಯಿತು. ಆಗ ವೈದ್ಯರು ಮಿಕ್ಕ ಚುಚ್ಚುಮದ್ದನ್ನು ನಿಲ್ಲಿಸಬಹುದು. ಜನರು ಇದನ್ನು ತಲೆಕೆಳಗು ಮಾಡಿಕೊಂಡು, ಹತ್ತು ದಿನ ನೋಡಿ ಆಮೇಲೆ ಆಸ್ಪತ್ರೆಗೆ ಹೋಗೋಣವೆನ್ನುವರು. ಮೊದಲು ಆಸ್ಪತ್ರೆ, ನಾಯಿಯನ್ನು ನೋಡುವುದು ಅದರ ಜೊತೆಜೊತೆಗೆ. ಹುಚ್ಚುನಾಯಿಯೆಂದರೆ ಬೀದಿಯುದ್ದಕ್ಕೂ ಅಬ್ಬರಿಸಿ ಓಡುವುದೇ ಆಗಬೇಕಾಗಿಲ್ಲ. ದವಡೆ ಬಿದ್ದು, ದನಿ ಬದಲಾಗಿ, ಕತ್ತಲೆಮೂಲೆಯಲ್ಲಿ ಸುಮ್ಮನೆ ಮುದುರಿ ಮಲಗುವುದೂ ಇರಬಹುದು. ಗಂಟಲಲ್ಲಿ ಮೂಳೆ ಸಿಕ್ಕಿತೆಂದು ಕನಿಕರದಿಂದ ಅದರ ಬಾಯಿಗೆ ಕೈಹಾಕಬಾರದು.

ನಾನು ಉಪಾಧ್ಯಾಯನಾಗಿದ್ದ ಕಾಲದ ಸಂಗತಿಯೊಂದನ್ನು ಇಲ್ಲಿ ಹೇಳಬೇಕಾಗಿದೆ. ಐದನೆಯ ತರಗತಿಯ ಹುಡುಗನೊಬ್ಬನು, ಲೆಕ್ಕದಲ್ಲಿ ಚುರುಕು, ಬೇರೆಯವರ ತೋಟಕ್ಕೆ ಸೀಬೆಹಣ್ಣಿಗಾಗಿ ಬೇಲಿ ಹಾರಿ ಹೋದಾಗ ಅಲ್ಲಿಯ ನಾಯಿ ಮೀನಖಂಡಕ್ಕೆ ಕಚ್ಚಿತು. ಮನೆಯಲ್ಲಿ ಹೇಳಿದರೆ ಹಣ್ಣು ಕದ್ದುದೂ ಬಯಲಾಗುವುದಷ್ಟೆ. ತಾಯಿ ಕೇಳಿದಾಗ ಮುಳ್ಳು ಗೀರಿತೆಂದನು. ಮುಳ್ಳಿನ ಗಾಯವೆಂದೇ ಅದು ವಾಸಿಯಾಯಿತು. ಎರಡು ತಿಂಗಳಾದ ಮೇಲೆ ಒಂದು ದಿನ ಬೆಳಗ್ಗೆ ಹಾಲು ಕುಡಿಯಲಾರದೆ ಹೋದನು. ಆಗ ತಾನಾಗಿಯೇ ನಾಯಿಯ ವಿಷಯವನ್ನು ಹೇಳಿದನು. ನಾಲ್ಕನೆಯ ದಿನ ಅವನಿಲ್ಲ. ಆ ತಂದೆ ಕೆಟ್ಟವನಲ್ಲ. ಮಗನು ಒಳ್ಳೆಯವನಾಗಲೆಂದು ಬೆತ್ತ ಹಿಡಿಯುತ್ತಿದ್ದವನು, ಅಂದಿನ ಎಲ್ಲ ತಂದೆಯರಂತೆ.

ಲೋಕದಲ್ಲಿ ವರ್ಷಕ್ಕೆ ಸುಮಾರು ೫೯,೦೦೦ ಜನ ಈ ರೋಗದಿಂದ ಸಾಯುವರೆಂದು ಅಂದಾಜು. ನಮ್ಮ ದೇಶದ ಪಾಲು ಅದರಲ್ಲಿ ದೊಡ್ಡದು. ಶಂಕೆಯ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ೪೦ ಮಂದಿ ೧೫ ವರ್ಷಕ್ಕೊಳಗಿನ ಮಕ್ಕಳು. ಆದುದರಿಂದ ಸಾಬೂನು, ನೀರು, ಲಸಿಕೆ ಇವೆಲ್ಲಕ್ಕೂ ಮೊದಲು ಮಗುವು ಬಂದು ಹೇಳಬೇಕು. ಹೇಳುವ ಧೈರ್ಯ ಅದಕ್ಕಿರಬೇಕು. ‘ನಾಯಿ, ಬೆಕ್ಕು, ಕೋತಿ ಏನೇ ಕಚ್ಚಲಿ, ಪರಚಲಿ, ಎಲ್ಲಿಯೇ ಆಗಲಿ, ಬಂದು ಹೇಳಿದರೆ ಆ ದಿನ ಬೈಗಳೂ ಇಲ್ಲ ಏಟೂ ಇಲ್ಲ’ ಎಂದು ತಾಯಿತಂದೆಗಳು ಮಕ್ಕಳಿಗೆ ಮಾತು ಕೊಟ್ಟಿರತಕ್ಕದ್ದು. ಕೊಟ್ಟ ಮಾತನ್ನು ಸೀಬೆಹಣ್ಣಿನ ಮೊಕದ್ದಮೆಯಲ್ಲಿಯೂ ನಡೆಸತಕ್ಕದ್ದು. ಸ್ನಾನ ಮಾಡಿಸುವಾಗ ಮೈಮೇಲಿನ ಹೊಸ ಗೀರುಗಳನ್ನು ನೋಡಿ ಸಮಾಧಾನದಿಂದ ವಿಚಾರಿಸುವ ಅಜ್ಜಿಯರು ಹಿಂದೆ ಮನೆಮನೆಯಲ್ಲಿಯೂ ಇದ್ದರು.

ನಾಯಿಗಳನ್ನೆಲ್ಲ ಕೊಂದುಹಾಕಿದರಾಗದೆ ಎನ್ನುವವರೂ ಇದ್ದಾರೆ. ಕೊಂದ ಜಾಗಕ್ಕೆ ಲಸಿಕೆಯಿಲ್ಲದ ಬೇರೆ ನಾಯಿಗಳು ಬಂದು ಸೇರುವುವೆಂಬುದು ಅನುಭವಸಿದ್ಧ. ಊರಿನ ನಾಯಿಗಳಲ್ಲಿ ನೂರಕ್ಕೆ ೭೦ಕ್ಕಾದರೂ ಲಸಿಕೆ ಹಾಕಿದರೆ ರೋಗದ ಸರಪಣಿ ಕಡಿದುಬೀಳುವುದೆಂದು ಬಲ್ಲವರ ಲೆಕ್ಕ. ಅದಲ್ಲದೆ, ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಗೆ ಹತ್ತನೆಯ ಶತಮಾನದಲ್ಲಿಯೇ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ ಶಾಸನ ಬರೆಯಿಸಿದ ನಾಡು ನಮ್ಮದು. ನಾಯಿಯನ್ನು ನಡೆಸಿಕೊಳ್ಳುವ ರೀತಿಯನ್ನು ಹೊರಗಿನವರಿಂದ ಕಲಿಯಬೇಕಾಗಿಲ್ಲ. ಮನೆಯ ನಾಯಿಗೆ ವರ್ಷವರ್ಷವೂ ಲಸಿಕೆ ಹಾಕಿಸುವುದು ಸಾಕಿದವನ ಕರ್ತವ್ಯ. ಮನುಷ್ಯರಿಗೆ ಬಂದ ರೇಬೀಸನ್ನು ಸರಕಾರಕ್ಕೆ ತಿಳಿಸಲೇಬೇಕಾದ ರೋಗವೆಂದು ೨೦೨೨ರಲ್ಲಿ ಕರ್ನಾಟಕದಲ್ಲಿ ಗೊತ್ತುಪಡಿಸಿದ್ದಾರೆ.

ಕಡೆಯದಾಗಿ, ಗೃಹಿಣಿಯೊಬ್ಬರ ಪ್ರಶ್ನೆ. ಹುಚ್ಚುನಾಯಿ ಕಚ್ಚಿದ ಹಸುವಿನ ಹಾಲನ್ನು ತಿಳಿಯದೆ ಮನೆಮಂದಿಯೆಲ್ಲ ಕುಡಿದುಬಿಟ್ಟರೆ ಗತಿಯೇನೆಂದು ಅವರು ಕೇಳಿದ್ದಾರೆ. ಕಾಯಿಸಿದ ಹಾಲಾದರೆ ಭಯಪಡಬೇಕಾದುದಿಲ್ಲ. ಕುದಿತಕ್ಕೆ ಈ ವೈರಸ್ಸು ನಿಲ್ಲುವುದಿಲ್ಲ. ಅಂತಹ ಹಸುವಿನ ಹಸಿಹಾಲನ್ನು ಮಾತ್ರ ಯಾರೂ ಕುಡಿಯಕೂಡದು, ಕುಡಿದಿದ್ದರೆ ವೈದ್ಯರಿಗೆ ತಿಳಿಸತಕ್ಕದ್ದು. ಅಪಾಯವಿರುವುದು ಹಾಲಿಗಿಂತ ಹೆಚ್ಚಾಗಿ ಜೊಲ್ಲಿನಲ್ಲಿ. ಮೇವು ತಿನ್ನದೆ ಬಾಯಲ್ಲಿ ಜೊಲ್ಲು ಸುರಿಸುವ ಹಸುವಿಗೆ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯೊಳಗೆ ಕೈಯಿಟ್ಟವರೂ, ಕೈಯಲ್ಲಿ ಗೀರುಗಾಯವಿದ್ದು ಅದಕ್ಕೆ ಔಷಧಿ ಕುಡಿಸಿದವರೂ ಕೂಡಲೆ ಕೈ ತೊಳೆದುಕೊಂಡು ಲಸಿಕೆಗೆ ಹೋಗಬೇಕು; ಹಸುವನ್ನು ಪಶುವೈದ್ಯರಿಗೆ ತೋರಿಸಬೇಕು.